ಮನೆಯೊಳಗೆ ಬಂದ ಕಚೇರಿಗೆ ಬಾಗಿಲು ಮುಚ್ಚುವ ವೇಳೆ ಯಾವುದು?

ಬೆಂಗಳೂರು: 2020ರ ಮಾರ್ಚ್ ತಿಂಗಳ ಮೊದಲ ವಾರದವರೆಗೂ ದಕ್ಷಿಣ ಬೆಂಗಳೂರಿನ ಮುಂಜಾನೆಗೆ ಒಂದು ನಿಶ್ಚಿತ ಕ್ರಮವಿತ್ತು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ರಸ್ತೆ ತಿರುವುಗಳಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರು ಕಂಪನಿಯ ವಾಹನಕ್ಕಾಗಿ ಕಾಯುತ್ತಿದ್ದರು. ಮಕ್ಕಳನ್ನು ಶಾಲೆಯ ವ್ಯಾನು ಕರೆದೊಯ್ಯುತ್ತಿತ್ತು. ಮನೆಗೆಲಸದಾಕೆ ಬರುತ್ತಿದ್ದಳು. ಬಾಗಿಲು ಹಾಕಿ ಹೊಸ್ತಿಲು ದಾಟಿದವರು ಸಿಲ್ಕ್ ಬೋರ್ಡ್ ವೃತ್ತದ ದಟ್ಟಣೆಯನ್ನು ಶಪಿಸುತ್ತ ಎಲೆಕ್ಟ್ರಾನಿಕ್ ಸಿಟಿಯನ್ನೋ ಹೊರವರ್ತುಲ ರಸ್ತೆಯನ್ನೋ ತಲುಪುತ್ತಿದ್ದರು.

ಅಮೆರಿಕದಿಂದ ಮರಳಿದ್ದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರಲ್ಲಿ ಮಾರ್ಚ್ 9ರಂದು ರಾಜ್ಯದ ಮೊದಲ ಕೊರೊನಾ ಸೋಂಕು ದೃಢಪಟ್ಟಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. ಎರಡು ದಿನಗಳ ನಂತರ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಮಾಲ್, ಚಿತ್ರಮಂದಿರಗಳನ್ನು ಒಂದು ವಾರ ಮುಚ್ಚುವಂತೆ ಆದೇಶಿಸಿ, ಐಟಿ ನೌಕರರು ಮನೆಯಿಂದಲೇ ಕೆಲಸ ಮಾಡಲಿ ಎಂದರು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಯಿತು. ಒಂದು ವಾರಕ್ಕೆಂದು ಚೀಲದಲ್ಲಿ ಬಂದ ಲ್ಯಾಪ್‌ಟಾಪು ಬಹಳಷ್ಟು ಮನೆಗಳಲ್ಲಿ ಎರಡು ವರ್ಷ ಊಟದ ಮೇಜಿನ ಮೇಲೆಯೇ ಉಳಿಯಿತು.

ಆ ಎರಡು ವರ್ಷಗಳ ಅನುಭವವನ್ನು ಈಗ ಹಿಂದಿರುಗಿ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ದುಡಿಮೆ ಮತ್ತು ಸಂಸಾರಗಳ ಸಮತೋಲನ ತಪ್ಪಿದ್ದು ಕೇವಲ ಸಮಯದ ಅಭಾವದಿಂದಲ್ಲ. ಎರಡರ ನಡುವೆ ಇದ್ದ ಹೊಸ್ತಿಲು ಅಳಿಸಿಹೋದದ್ದೇ ಅದರ ಮುಖ್ಯ ಕಾರಣ. ಆ ಹೊಸ್ತಿಲನ್ನು ಪ್ರತಿದಿನ ಕೈಯಿಂದ ಕಟ್ಟಿಕೊಳ್ಳುವ ಹೊರೆ ಮನೆಯವರೆಲ್ಲರ ಮೇಲೆ ಸಮನಾಗಿ ಬೀಳಲಿಲ್ಲ ಎಂಬುದು ಅಷ್ಟೇ ಗಮನಾರ್ಹ.

ಹಳೆಯ ಕಲ್ಪನೆ, ಹೊಸ ಅನಿವಾರ್ಯತೆ

ದೂರದಿಂದಲೇ ಕೆಲಸ ಮಾಡುವ ಕಲ್ಪನೆ ಹೊಸದಲ್ಲ. ಅಮೆರಿಕದ ಜ್ಯಾಕ್ ನೈಲ್ಸ್ ಎಂಬ ಎಂಜಿನಿಯರ್ 1973ರಲ್ಲೇ ಇದಕ್ಕೆ ‘ಟೆಲಿಕಮ್ಯೂಟಿಂಗ್’ ಎಂದು ಹೆಸರಿಟ್ಟಿದ್ದರು. ಕೆಲಸಗಾರನನ್ನು ಕಚೇರಿಗೆ ಸಾಗಿಸುವ ಬದಲು ಕೆಲಸವನ್ನೇ ಅವನಿದ್ದಲ್ಲಿಗೆ ಕಳುಹಿಸುವುದು ಅದರ ತಿರುಳು. ಆದರೆ ಭಾರತದಲ್ಲಿ ಕಾಲ್ ಸೆಂಟರ್ ಹಾಗೂ ಹೊರಗುತ್ತಿಗೆ ಕಂಪನಿಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಂಡು ಅದರ ಕಟ್ಟಳೆಗೆ ಒಳಪಟ್ಟಿದ್ದವು. ನೌಕರರ ಮನೆಯಿಂದ ಸೇವೆ ನೀಡಬೇಕಾದರೆ ಪ್ರತ್ಯೇಕ ಅನುಮತಿ, ಭದ್ರತಾ ಠೇವಣಿಗಳ ತೊಡಕಿತ್ತು. 2020ರ ಮಾರ್ಚ್ 13ರಂದು ಇಲಾಖೆ ಈ ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. ಅವಧಿಯನ್ನು ಹಲವು ಬಾರಿ ವಿಸ್ತರಿಸಿದ ಬಳಿಕ ನವೆಂಬರ್ 5ರಂದು ನಿಯಮಗಳನ್ನೇ ಸರಳಗೊಳಿಸಲಾಯಿತು.

ಅಂದರೆ ತಂತ್ರಜ್ಞಾನ ಸಿದ್ಧವಿತ್ತು, ಕಾನೂನಿನ ಒಂದು ಗಂಟು ಸಡಿಲವಾಯಿತು. ಸಿದ್ಧತೆಯಿಲ್ಲದೆ ಉಳಿದದ್ದು ಮನೆ ಮಾತ್ರ.

ರಸ್ತೆಯಲ್ಲಿ ಉಳಿದ ಗಂಟೆಗಳು ಎಲ್ಲಿ ಹೋದವು?

ಟಾಮ್‌ಟಾಮ್ ಸಂಸ್ಥೆಯ ಸೂಚ್ಯಂಕದಲ್ಲಿ 2019ನೇ ಸಾಲಿನಲ್ಲಿ ಬೆಂಗಳೂರು ಜಗತ್ತಿನಲ್ಲೇ ಅತ್ಯಂತ ಹೆಚ್ಚು ಸಂಚಾರ ದಟ್ಟಣೆಯ ನಗರವಾಗಿತ್ತು. ದಟ್ಟಣೆಯ ವೇಳೆಯಲ್ಲಿ ಓಡಾಡುವ ಚಾಲಕ ವರ್ಷಕ್ಕೆ 243 ಗಂಟೆಗಳನ್ನು, ಎಂದರೆ ಹತ್ತು ದಿನಗಳಿಗೂ ಹೆಚ್ಚು ಕಾಲವನ್ನು, ರಸ್ತೆಯಲ್ಲಿ ಅಧಿಕವಾಗಿ ಕಳೆಯುತ್ತಿದ್ದ. ಈ ಗಂಟೆಗಳೆಲ್ಲ ಇನ್ನು ಸಂಸಾರದ ಪಾಲಿಗೆ ಎಂದು ಲಾಕ್‌ಡೌನಿನ ಆರಂಭದಲ್ಲಿ ಹಲವರು ಸಂತಸಪಟ್ಟಿದ್ದರು.

ಲೆಕ್ಕ ಹಾಗಾಗಲಿಲ್ಲ. 27 ದೇಶಗಳಲ್ಲಿ 2021 ಮತ್ತು 2022ರಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ, ಮನೆಯಿಂದ ಕೆಲಸ ಮಾಡುವವರಿಗೆ ದಿನಕ್ಕೆ ಸರಾಸರಿ 72 ನಿಮಿಷಗಳ ಪ್ರಯಾಣ ಉಳಿಯುತ್ತದೆ. ಭಾರತದಲ್ಲಿ ಈ ಉಳಿತಾಯ 99 ನಿಮಿಷ. ಆದರೆ ಹೀಗೆ ಉಳಿದ ಸಮಯದಲ್ಲಿ ಶೇ. 40ರಷ್ಟು ಮರಳಿ ಉದ್ಯೋಗಕ್ಕೇ ಸಂದಿತು. ಶೇ. 34ರಷ್ಟು ವಿರಾಮಕ್ಕೆ ದೊರೆತರೆ, ಮಕ್ಕಳು ಹಾಗೂ ಹಿರಿಯರ ಆರೈಕೆಗೆ ಸಿಕ್ಕಿದ್ದು ಶೇ. 11 ಮಾತ್ರ.

ಏಷ್ಯಾದ ದೊಡ್ಡ ಐಟಿ ಸೇವಾ ಕಂಪನಿಯೊಂದರ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ದತ್ತಾಂಶವನ್ನು ಷಿಕಾಗೊ ಮತ್ತು ಎಸೆಕ್ಸ್ ವಿಶ್ವವಿದ್ಯಾಲಯಗಳ ಸಂಶೋಧಕರು ಪರಿಶೀಲಿಸಿದಾಗ ಇದರ ಒಳಗಿನ ಯಂತ್ರ ಬಯಲಾಯಿತು. ಮನೆಯಿಂದ ಕೆಲಸ ಆರಂಭವಾದ ಮೇಲೆ ದುಡಿಮೆಯ ಗಂಟೆಗಳು ಹೆಚ್ಚಿದವು. ಆದರೆ ಮುಗಿದ ಕೆಲಸದ ಪ್ರಮಾಣ ಹೆಚ್ಚಲಿಲ್ಲ, ಕೊಂಚ ಇಳಿಯಿತು. ಸಭೆಗಳಿಗೂ ಪರಸ್ಪರ ಹೊಂದಾಣಿಕೆಗೂ ಹೆಚ್ಚು ಸಮಯ ವ್ಯಯವಾಗಿ, ಅಡ್ಡಿಯಿಲ್ಲದೆ ಕುಳಿತು ಕೆಲಸ ಮಾಡುವ ಗಂಟೆಗಳು ಕುಗ್ಗಿದವು. ಕಚೇರಿಯಲ್ಲಿ ಪಕ್ಕದ ಮೇಜಿಗೆ ತಿರುಗಿ ಎರಡು ನಿಮಿಷದಲ್ಲಿ ಕೇಳಿ ಮುಗಿಸುತ್ತಿದ್ದ ಮಾತಿಗೆ ಈಗ ಅರ್ಧ ಗಂಟೆಯ ವಿಡಿಯೊ ಕರೆ ಬೇಕಾಯಿತು. ಹಗಲು ಕರೆಗಳಲ್ಲಿ ಕಳೆದು, ನಿಜವಾದ ಕೆಲಸ ರಾತ್ರಿಗೆ ಜಾರಿತು.

ಬೆಂಗಳೂರಿನ ಮಟ್ಟಿಗೆ ಇದಕ್ಕೆ ಗಡಿಯಾರದ ತೊಡಕೂ ಸೇರಿತು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 9 ಗಂಟೆ ಎಂದರೆ ಬೇಸಿಗೆಯಲ್ಲಿ ಇಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಪಶ್ಚಿಮ ಕರಾವಳಿಯ ಅದೇ 9 ಗಂಟೆ ಇಲ್ಲಿ ರಾತ್ರಿ 9.30 ಅಥವಾ 10.30. ದೀಪ ಹಚ್ಚುವ, ಮಕ್ಕಳಿಗೆ ಊಟ ಬಡಿಸುವ, ಹಿರಿಯರಿಗೆ ಮಾತ್ರೆ ಕೊಡುವ ಹೊತ್ತಿಗೆ ಸರಿಯಾಗಿ ಅಲ್ಲಿಯ ಕಚೇರಿ ತೆರೆಯುತ್ತದೆ. ಮೊದಲು ರಾತ್ರಿಯ ಕರೆಗೆ ಕಚೇರಿಯಲ್ಲೇ ಉಳಿದವರು ಮರುದಿನ ತಡವಾಗಿ ಹೋಗುವ ರೂಢಿಯಾದರೂ ಇತ್ತು. ಮನೆಯಲ್ಲೇ ಇರುವವರಿಗೆ ‘ತಡವಾಗಿ ಬಂದರು’ ಎಂಬ ಮಾತಿಗೇ ಅರ್ಥ ಉಳಿಯಲಿಲ್ಲ.

ಮನೆಯ ಅಳತೆ, ಕಚೇರಿಯ ಅಳತೆ

ಜಯನಗರ 1940ರ ದಶಕದ ಕೊನೆಯಲ್ಲಿ ಯೋಜಿತವಾಗಿ ಆರಂಭಗೊಂಡ ಬಡಾವಣೆ. ಅಗಲವಾದ ರಸ್ತೆ, ಬಡಾವಣೆಗೊಂದು ಉದ್ಯಾನ, ಅಂಗಳವಿರುವ ಮನೆ ಇಲ್ಲಿಯ ಹಳೆಯ ಚಿತ್ರ. ಇಂದು ಅದೇ ರಸ್ತೆಗಳಲ್ಲಿ 30 ಅಡಿಗೆ 40 ಅಡಿಯ ನಿವೇಶನದ ಮೇಲೆ ಮೂರು ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿಟಿಎಂ ಬಡಾವಣೆಯಂತೂ ಪಿ.ಜಿ.ಗಳ ಬೀಡು.

ಎರಡು ಮಲಗುವ ಕೋಣೆಗಳ ಒಂದು ಸಾಧಾರಣ ಮನೆಯನ್ನು ಊಹಿಸಿಕೊಳ್ಳಬಹುದು. ಗಂಡ ಹೆಂಡತಿ ಇಬ್ಬರೂ ಐಟಿ ಉದ್ಯೋಗಿಗಳು. ಮೂರನೇ ತರಗತಿಯ ಮಗು, ಗಂಡನ ತಂದೆ ತಾಯಿ. ಬಾಗಿಲು ಮುಚ್ಚಬಹುದಾದ ಕೋಣೆ ಎರಡು, ಬೇಕಾಗಿರುವುದು ಮೂರು. ಹಾಲ್‌ನಲ್ಲಿ ದೂರದರ್ಶನ. ಅದರಲ್ಲಿ 2020ರ ಮಾರ್ಚ್ 28ರಿಂದ ಮರುಪ್ರಸಾರವಾದ ‘ರಾಮಾಯಣ’. ಒಳಗೆ ಕುಕ್ಕರಿನ ಕೂಗು, ಹೊರಗೆ ತರಕಾರಿ ಗಾಡಿಯವನ ಕೂಗು. ಇಂತಹ ಮನೆಯಲ್ಲಿ ಯಾರಿಗೆ ಕೋಣೆ, ಯಾರಿಗೆ ಊಟದ ಮೇಜು ಎಂಬುದು ದಿನದ ಮೊದಲ ಪ್ರಶ್ನೆ. ಬಾಗಿಲಿರುವ ಕೋಣೆ ಒಬ್ಬರ ಪಾಲಾದಾಗ, ಮೇಜಿನ ಮೇಲೆ ಕುಳಿತವರು ಕೆಲಸದ ನಡುವೆಯೂ ಮನೆಯ ಎಲ್ಲರಿಗೂ ದೊರೆಯುವವರಾಗುತ್ತಾರೆ. ಮಗುವಿನ ಹಸಿವು, ಕೊರಿಯರ್‌ನವನ ಕರೆಗಂಟೆ, ಮಾವನವರ ಕಾಫಿ ಎಲ್ಲವೂ ಅವರ ಪಾಲಿಗೆ.

ಪಿ.ಜಿ.ಗಳಲ್ಲಿದ್ದ ಒಂಟಿ ನೌಕರರ ಸ್ಥಿತಿ ಬೇರೆ. ಒಂದು ಕೋಣೆಯಲ್ಲಿ ಇಬ್ಬರು ಮೂವರಿದ್ದಲ್ಲಿ ಮಂಚವೇ ಕಚೇರಿ. ಹಲವರು ಹಾಸನ, ಶಿವಮೊಗ್ಗ, ಹುಬ್ಬಳ್ಳಿಯಂತಹ ತಮ್ಮ ಊರುಗಳಿಗೆ ಹಿಂದಿರುಗಿದರು. ಬಡಾವಣೆಯ ಗೇಟುಗಳಿಗೆ ‘ಬಾಡಿಗೆಗಿದೆ’ ಫಲಕಗಳು ಬಂದವು. ಮನೆ ಬಾಡಿಗೆಯನ್ನೇ ನಂಬಿದ್ದ ನಿವೃತ್ತರ ಸಂಸಾರಗಳೂ ಇದರ ಬಿಸಿಯನ್ನು ಅನುಭವಿಸಿದವು.

ಯಾರ ಪಾಲಿಗೆ ಎಷ್ಟು ಕೆಲಸ?

ಮಹಾಮಾರಿ ಬರುವ ಮುನ್ನವೇ ಮನೆಗೆಲಸದ ಹಂಚಿಕೆ ಹೇಗಿತ್ತು ಎಂಬುದಕ್ಕೆ ಅಧಿಕೃತ ದಾಖಲೆಯಿದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಶೇ. 81.2ರಷ್ಟು ಮಹಿಳೆಯರು ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದರೆ, ಪುರುಷರಲ್ಲಿ ಈ ಪ್ರಮಾಣ ಶೇ. 26.1. ಹೀಗೆ ತೊಡಗಿದ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಪುರುಷ 97 ನಿಮಿಷ ದುಡಿಯುತ್ತಿದ್ದ. 2024ರಲ್ಲಿ ಇದೇ ಸಮೀಕ್ಷೆ ಮತ್ತೆ ನಡೆದಾಗ ಮಹಿಳೆಯ ಪಾಲು 289 ನಿಮಿಷ, ಪುರುಷನ ಪಾಲು 88 ನಿಮಿಷ. ನಡುವೆ ಎರಡು ವರ್ಷ ಗಂಡಸರು ಮನೆಯಲ್ಲೇ ಇದ್ದು ಹೋದರೂ ಇಬ್ಬರ ನಡುವಣ ಅಂತರ ಕದಲಲಿಲ್ಲ.

ನಗರದ ಮಧ್ಯಮ ವರ್ಗದ ಉದ್ಯೋಗಸ್ಥೆ ಈ ಹೊರೆಯ ಒಂದು ಭಾಗವನ್ನು ಇನ್ನೊಬ್ಬ ಮಹಿಳೆಗೆ ವಹಿಸಿ ಹೊರಗೆ ದುಡಿಯುತ್ತಿದ್ದಳು. ಪಾತ್ರೆ, ಬಟ್ಟೆ, ನೆಲ ಒರೆಸುವ ಕೆಲಸಕ್ಕೆ ಬರುತ್ತಿದ್ದವರಿಗೆ ಲಾಕ್‌ಡೌನಿನಲ್ಲಿ ಅಪಾರ್ಟ್‌ಮೆಂಟುಗಳ ಗೇಟು ಮುಚ್ಚಿತು. ಆ ಕೆಲಸವೆಲ್ಲ ಮನೆಯಾಕೆಯ ಮೇಲೆ ಹಿಂದಿರುಗಿತು. ಇತ್ತ ಕೆಲಸದವರಿಗೆ ‘ಮನೆಯಿಂದ ಕೆಲಸ’ ಎಂಬ ಅವಕಾಶವೇ ಇರಲಿಲ್ಲ. ಮನೆಗೆಲಸವನ್ನು 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದ ರಾಜ್ಯ ಕರ್ನಾಟಕ. ಆದರೂ ಬರದ ದಿನಗಳ ಸಂಬಳ ಕೊಡುವುದು ಬಿಡುವುದು ಆಯಾ ಮನೆಯವರ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಯಿತು. ದುಡಿಮೆ ಸಂಸಾರಗಳ ಸಮತೋಲನದ ಚರ್ಚೆಯಲ್ಲಿ ಈ ಎರಡನೆಯ ಮಹಿಳೆಯ ಸಂಸಾರ ಬಹಳ ಬಾರಿ ಮರೆತುಹೋಗುತ್ತದೆ.

ಮೂರನೆಯ ಪಾಳಿ: ಮಕ್ಕಳ ಪಾಠ

ಇದರ ಮೇಲೆ ಬಂದದ್ದು ಶಾಲೆ. ಕಿರಿಯ ಮಕ್ಕಳ ಆನ್‌ಲೈನ್ ತರಗತಿ ಬೇಕೇ ಬೇಡವೇ ಎಂಬುದೇ 2020ರ ಬೇಸಿಗೆಯ ದೊಡ್ಡ ವಿವಾದ. ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ 5ನೇ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿ, ಬಳಿಕ ಸೀಮಿತ ಅವಧಿಗೆ ಅನುಮತಿಸಿತು. ಜುಲೈ 8ರಂದು ಹೈಕೋರ್ಟ್ ಈ ನಿರ್ಬಂಧಗಳಿಗೆ ಮಧ್ಯಂತರ ತಡೆ ನೀಡಿತು. ಪೋಷಕರ ದೃಷ್ಟಿಯಲ್ಲಿ ಎರಡೂ ಕಷ್ಟವೇ ಆಗಿತ್ತು. ತರಗತಿ ಇಲ್ಲದಿದ್ದರೆ ಮಗುವಿಗೆ ದಿನವಿಡೀ ಮಾಡಲು ಏನಿಲ್ಲ. ಇದ್ದರೆ ಒಂದು ಸಾಧನ, ಒಂದು ಕೋಣೆ ಮತ್ತು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು ದೊಡ್ಡವರು ಬೇಕು.

9ರಿಂದ 12ನೇ ತರಗತಿಗಳು 2021ರ ಆಗಸ್ಟ್ 23ರಂದು ಪುನರಾರಂಭಗೊಂಡರೂ 1ರಿಂದ 5ನೇ ತರಗತಿಯ ಮಕ್ಕಳು ಶಾಲೆಯ ಮೆಟ್ಟಿಲೇರಿದ್ದು ಅಕ್ಟೋಬರ್ 25ರಂದು. ಎಂದರೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ, ಅತಿ ಹೆಚ್ಚು ಆರೈಕೆ ಬೇಕಾದ ವಯಸ್ಸಿನ ಮಕ್ಕಳೇ ಮನೆಯಲ್ಲಿದ್ದರು. ಕಚೇರಿ ಒಂದು ಪಾಳಿ, ಅಡುಗೆಮನೆ ಇನ್ನೊಂದು ಪಾಳಿ, ಮಗುವಿನ ಪಾಠ ಮೂರನೆಯ ಪಾಳಿ ಎಂಬಂತಾಯಿತು.

2021ರ ಏಪ್ರಿಲ್ ಕೊನೆಯಲ್ಲಿ ಎರಡನೇ ಅಲೆ ಬಂದಾಗ ಚಿತ್ರ ಇನ್ನೂ ಗಂಭೀರವಾಯಿತು. ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧಗಳು ಜಾರಿಯಾದವು. ಒಂದೇ ಮನೆಯಲ್ಲಿ ಒಬ್ಬರು ಪ್ರತ್ಯೇಕ ಕೋಣೆಯಲ್ಲಿ ಜ್ವರದಿಂದ ಮಲಗಿದ್ದರೆ, ಇನ್ನೊಬ್ಬರು ಆಕ್ಸಿಮೀಟರ್ ನೋಡುತ್ತ, ಆಸ್ಪತ್ರೆಯ ಹಾಸಿಗೆಗಾಗಿ ದೂರವಾಣಿ ಮಾಡುತ್ತ, ಅದರ ನಡುವೆಯೇ ಸಭೆಗೆ ಹಾಜರಿ ಹಾಕುತ್ತಿದ್ದರು. ಕಾಯಿಲೆಯಾದರೆ ಕಚೇರಿಗೆ ಹೋಗುವುದಿಲ್ಲ ಎಂಬುದು ಹಿಂದೆ ತಾನಾಗಿಯೇ ಆಗುತ್ತಿದ್ದ ಏರ್ಪಾಡು. ಕಚೇರಿಯೇ ಹಾಸಿಗೆಯ ಪಕ್ಕಕ್ಕೆ ಬಂದಾಗ ರಜೆ ಎಂಬುದು ಕೇಳಿ ಪಡೆಯಬೇಕಾದ, ಕೇಳಲು ಸಂಕೋಚಪಡಬೇಕಾದ ವಸ್ತುವಾಯಿತು.

ಕಾನೂನಿನಲ್ಲಿ ಏನಿದೆ?

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದುಡಿಮೆಯ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಹೆಚ್ಚುವರಿ ದುಡಿಮೆ ಸೇರಿ ದಿನಕ್ಕೆ 10 ಗಂಟೆ ಮೀರಬಾರದು, ಮೂರು ತಿಂಗಳಲ್ಲಿ ಹೆಚ್ಚುವರಿ ದುಡಿಮೆ 50 ಗಂಟೆ ದಾಟಬಾರದು, ಅದಕ್ಕೆ ಎರಡು ಪಟ್ಟು ವೇತನ ನೀಡಬೇಕು. ಆಡಳಿತ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸದು. ಬಾಗಿಲು ತೆಗೆಯುವ ವೇಳೆ, ಮುಚ್ಚುವ ವೇಳೆ ಎಂಬ ಕಲ್ಪನೆಯ ಮೇಲೆಯೇ ನಿಂತ ಕಾನೂನು ಇದು. ಬಾಗಿಲೇ ಇಲ್ಲದ ಕಚೇರಿಯಲ್ಲಿ 9 ಗಂಟೆಗಳನ್ನು ಎಣಿಸುವವರು ಯಾರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. 2024ರ ಜುಲೈನಲ್ಲಿ ಐಟಿ ವಲಯದ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ಬಂದಾಗ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘ ಅದನ್ನು ಬಲವಾಗಿ ವಿರೋಧಿಸಿತು.

ತಾಯಂದಿರಿಗೆ ಒಂದು ಸ್ಪಷ್ಟ ಅವಕಾಶವಿದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಿತು. ಕೆಲಸದ ಸ್ವರೂಪ ಒಗ್ಗುವುದಾದರೆ ರಜೆಯ ನಂತರ ಪರಸ್ಪರ ಒಪ್ಪಿಗೆಯ ಮೇರೆಗೆ ಮನೆಯಿಂದ ಕೆಲಸ ಮಾಡಲು ಅನುವು ಮಾಡಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಆದರೆ ‘ಪರಸ್ಪರ ಒಪ್ಪಿಗೆ’ ಎಂಬ ಪದವೇ ಅದರ ಮಿತಿ. ನೌಕರಳಿಗೆ ಕೇಳುವ ದಾರಿಯಿದೆ, ಕೊಡಲೇಬೇಕೆಂಬ ಕಟ್ಟುಪಾಡು ಸಂಸ್ಥೆಗಿಲ್ಲ.

ಫ್ರಾನ್ಸ್ ದೇಶ 2017ರಿಂದ ದೊಡ್ಡ ಸಂಸ್ಥೆಗಳ ನೌಕರರಿಗೆ ಕೆಲಸದ ಅವಧಿಯ ಹೊರಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಮಾನ್ಯ ಮಾಡಿದೆ. ಪೋರ್ಚುಗಲ್ 2021ರಲ್ಲಿ, ವೇಳೆ ಮುಗಿದ ಮೇಲೆ ನೌಕರರನ್ನು ಸಂಪರ್ಕಿಸದಿರುವ ಹೊಣೆಯನ್ನು ಮಾಲೀಕರ ಮೇಲೆಯೇ ಹೊರಿಸಿತು. ಭಾರತದಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇಂತಹ ಖಾಸಗಿ ಮಸೂದೆಯನ್ನು ಮಂಡಿಸಿದ್ದರೂ ಅದು ಕಾನೂನಾಗಲಿಲ್ಲ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ವಾರಕ್ಕೆ 55 ಅಥವಾ ಹೆಚ್ಚು ಗಂಟೆ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಅಧಿಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರ ಮೇ ತಿಂಗಳಲ್ಲಿ ಪ್ರಕಟಿಸಿದವು.

ಹೊಸ್ತಿಲು ಕಟ್ಟಿಕೊಳ್ಳುವ ಬಗೆ

ಕಾನೂನು ಬರುವವರೆಗೆ ಮನೆಯೊಳಗೆ ಆಗಬಹುದಾದ ಏರ್ಪಾಡುಗಳು ಇಲ್ಲದಿಲ್ಲ. ಮೊದಲನೆಯದು ವೇಳೆ. ಇಬ್ಬರೂ ತಮ್ಮ ಮರುದಿನದ ಕರೆಗಳನ್ನು ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿದರೆ, ಬಾಗಿಲಿರುವ ಕೋಣೆ ಯಾರಿಗೆ ಯಾವಾಗ ಎಂಬುದು ವಾದವಿಲ್ಲದೆ ತೀರ್ಮಾನವಾಗುತ್ತದೆ. ಸಂಬಳ ಹೆಚ್ಚಿರುವವರಿಗೆ ಕೋಣೆ ಎಂಬ ಮೌನ ನಿಯಮಕ್ಕಿಂತ, ಕರೆ ಇರುವವರಿಗೆ ಕೋಣೆ ಎಂಬ ಬಹಿರಂಗ ನಿಯಮ ಲೇಸು. ರಾತ್ರಿ 9.30ರ ಕರೆ ಇದ್ದವರು ಮರುದಿನ ಬೆಳಿಗ್ಗೆ ಎರಡು ಗಂಟೆಗಳನ್ನು ಕೆಲಸದ ಪಟ್ಟಿಯಿಂದ ತೆಗೆದಿರಿಸಿ, ಅದನ್ನು ಮೇಲಧಿಕಾರಿಗೆ ಮುಂಚಿತವಾಗಿ ತಿಳಿಸುವುದು ಸೂಕ್ತ.

ಎರಡನೆಯದು ಸಂಕ್ರಮಣ. ಕಚೇರಿಯಿಂದ ಮನೆಗೆ ಬರುವ ಪ್ರಯಾಣ ಎಷ್ಟೇ ಬೇಸರದ್ದಾದರೂ ಮನಸ್ಸು ನೌಕರನ ಪಾತ್ರವನ್ನು ಕಳಚಿ ತಂದೆಯ, ತಾಯಿಯ ಪಾತ್ರಕ್ಕೆ ಸಿದ್ಧವಾಗುವ ಅವಧಿ ಅದು. ಅದು ತಪ್ಪಿದಾಗ ಸಭೆಯ ಸಿಡುಕು ನೇರವಾಗಿ ಊಟದ ತಟ್ಟೆಗೆ ಬೀಳುತ್ತದೆ. 2020ರ ಮೇ 19ರಿಂದ ಉದ್ಯಾನಗಳನ್ನು ಬೆಳಿಗ್ಗೆ 7ರಿಂದ 9, ಸಂಜೆ 5ರಿಂದ 7ರವರೆಗೆ ತೆರೆದಾಗ ದಕ್ಷಿಣ ಬೆಂಗಳೂರಿನ ಎಷ್ಟೋ ಮಂದಿ ಕೆಲಸ ಮುಗಿಸಿ ಎರಡು ಸುತ್ತು ಹಾಕಿ ಬರುತ್ತಿದ್ದರು. ಆ ಎರಡು ಸುತ್ತುಗಳೇ ಅವರ ಪಾಲಿಗೆ ಕಚೇರಿಯಿಂದ ಮನೆಗೆ ಬರುವ ದಾರಿ. ಹಿಂದಿರುಗಿದ ಮೇಲೆ ಲ್ಯಾಪ್‌ಟಾಪು ಕಪಾಟಿನೊಳಗೆ ಹೋಗಬೇಕು, ಮೇಜು ಮತ್ತೆ ಊಟದ ಮೇಜಾಗಬೇಕು.

ಮೂರನೆಯದು ಹಂಚಿಕೆ. ಪಾತ್ರೆ ತೊಳೆಯುವುದು ಕಣ್ಣಿಗೆ ಕಾಣುವ ಕೆಲಸ. ಅನಿಲ ಸಿಲಿಂಡರ್ ಕಾಯ್ದಿರಿಸುವುದು, ಅತ್ತೆಯವರ ಮಾತ್ರೆ ಮುಗಿಯುವುದಕ್ಕೆ ಮುನ್ನ ತರಿಸುವುದು, ಮಗುವಿನ ತರಗತಿಯ ಸಂದೇಶ ನೋಡುವುದು ನೆನಪಿಟ್ಟುಕೊಳ್ಳುವ ಕೆಲಸ. ಈ ಎರಡನೆಯ ಬಗೆಯದನ್ನೂ ಪಟ್ಟಿಗೆ ಸೇರಿಸಿ ಹಂಚದೆ ಹೋದರೆ ‘ನಾನೂ ಸಹಾಯ ಮಾಡುತ್ತೇನಲ್ಲ’ ಎಂಬ ಮಾತು ಅರ್ಧ ಸತ್ಯವಾಗಿಯೇ ಉಳಿಯುತ್ತದೆ.

ದೇಹ, ಮನಸ್ಸುಗಳಿಗೂ ಸರಳ ನಿಯಮಗಳಿವೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿನ ಆಯಾಸ ತಗ್ಗುತ್ತದೆ. ಮೊಬೈಲು, ಪರದೆಗಳ ಅತಿ ಬಳಕೆಯಿಂದ ಬಳಲುವವರಿಗಾಗಿ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಚಿಕಿತ್ಸಾಲಯವನ್ನು ಆರಂಭಿಸಿತ್ತು. ಒತ್ತಡ ಕೈಮೀರಿದಾಗ ಸಲಹೆ ಪಡೆಯಲು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ. ಅದರ ಸಂಖ್ಯೆ 14416.

ಮುಗಿಯದ ಪ್ರಶ್ನೆ

2025ರ ವೇಳೆಗೆ ತನ್ನ ನೌಕರರಲ್ಲಿ ಶೇ. 25ರಷ್ಟು ಮಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಟಿಸಿಎಸ್ ಹೇಳಿತ್ತು. ಅದೇ ಕಂಪನಿ 2023ರಲ್ಲಿ ವಾರದ ಐದೂ ದಿನ ಕಚೇರಿಗೆ ಬರುವಂತೆ ನೌಕರರಿಗೆ ಸೂಚಿಸಿತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ‘ನಮ್ಮ ಮೆಟ್ರೊ’ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ರಾಗಿಗುಡ್ಡ, ಬಿಟಿಎಂ ಬಡಾವಣೆ, ಸಿಲ್ಕ್ ಬೋರ್ಡ್ ಮೂಲಕ ಎಲೆಕ್ಟ್ರಾನಿಕ್ ಸಿಟಿಯನ್ನು ತಲುಪಿಸುತ್ತಿದೆ. ಕಚೇರಿಯ ದಾರಿ ಮತ್ತೆ ತೆರೆದಿದೆ.

ಆದರೆ ಸಂಜೆ ಅದೇ ರೈಲಿನಲ್ಲಿ ಹಿಂದಿರುಗುವವರ ಬೆನ್ನ ಮೇಲಿನ ಚೀಲದಲ್ಲಿ ಲ್ಯಾಪ್‌ಟಾಪು ಇನ್ನೂ ಇದೆ. ಪ್ರಯಾಣ ಮರಳಿ ಬಂದಿದೆ, ರಾತ್ರಿಯ ಕರೆ ಹೋಗಿಲ್ಲ. ಮಹಾಮಾರಿಯ ಕಾಲದಲ್ಲಿ ಅನಿವಾರ್ಯವೆಂದು ಒಪ್ಪಿಕೊಂಡ ವ್ಯವಸ್ಥೆ ಈಗ ರೂಢಿಯ ಹೆಸರಿನಲ್ಲಿ ಉಳಿದಿದೆ. ಆದ್ದರಿಂದಲೇ ಆ ಎರಡು ವರ್ಷಗಳಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಇಂದಾದರೂ ಮೇಲಧಿಕಾರಿಯ ಮುಂದೆಯೂ ಊಟದ ಮೇಜಿನ ಸುತ್ತಲೂ ಕೇಳಬೇಕಾಗಿದೆ: ಈ ಮನೆಯಲ್ಲಿ ಕಚೇರಿ ಎಷ್ಟು ಗಂಟೆಗೆ ಮುಚ್ಚುತ್ತದೆ?